"ಬ್ರೋಕರ್ ಬೇಡ" ಅಂತ ಬೋರ್ಡ್ ಹಾಕಿರೋ ಮನೆ ಓನರ್ ಹತ್ರ ಏಜೆಂಟ್ ಹೇಗೆ ಮಾತಾಡ್ಬೇಕು?

ಮೊದಲನೇ ಸಲ ಹೋದಾಗ ಮನೆ ಮಾರೋಕೆ ನಂಗೆ ಕೊಡಿ ಅಂತ ಕೇಳ್ಲೇಬೇಡಿ, ಎಲ್ಲಿ ತೊಡಕಾಗಿದೆ ಅಂತ ಕೇಳಿ, ಆ ಒಂದು ಕೆಲಸಕ್ಕೆ ದುಡ್ಡು ಇಸ್ಕೊಳ್ದೆ ಸಹಾಯ ಮಾಡಿ. ಯಾಕಂದ್ರೆ ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಗೇಟಿಗೆ ಬೋರ್ಡ್ ತಗಲಾಕಿರೋರು ಉಳಿಸೋಕೆ ನೋಡ್ತಿರೋದು ಕಮಿಷನ್ನು, 80 ಲಕ್ಷದ ಮನೆಗೆ 2 ಪರ್ಸೆಂಟ್ ಅಂದ್ರೂ 1 ಲಕ್ಷದ 60 ಸಾವಿರ ಆಗುತ್ತೆ, ಅವರ ಲೆಕ್ಕ ಸರಿಯಾಗೇ ಇದೆ. ಆದ್ರೆ ನಿಜವಾದ ಪಾರ್ಟಿ, ಅಂದ್ರೆ ಮನೆ ಕೊಳ್ಳೋರು, ಬಂದು ಬ್ಯಾಂಕ್ ಲೋನ್‌ಗೆ ಕಾಗದಪತ್ರ ಕೇಳ್ದಾಗ ಎಷ್ಟೋ ಕಡೆ ಅಲ್ಲೇ ನಿಂತೋಗುತ್ತೆ, ಖಾತಾ, ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ತೀರ್ಕೊಂಡಿರೋ ಯಜಮಾನರ ಹೆಸರಲ್ಲೇ ಇರುತ್ತೆ, ಅದನ್ನ ಡಿಜಿಟಲ್ ಮಾಡಿರೋ ಇ-ಖಾತಾ ಮಾಡ್ಸಿರಲ್ಲ, ಅದಿಲ್ದೆ ಈಗ ರಿಜಿಸ್ಟ್ರೇಷನ್ ಆಗಲ್ಲ. ಸರ್ಕಾರದ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿ, ಅಂದ್ರೆ ಆಸ್ತಿ ಮೇಲೆ ಯಾವ ಸಾಲ, ಯಾವ ಕ್ರಯ ರಿಜಿಸ್ಟರ್ ಆಗಿದೆ ಅಂತ ತೋರ್ಸೋ ಪತ್ರ, ಅದನ್ನ ತೆಗೆಯೋದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರ್ಸ್ಕೊಡಿ. ಆಮೇಲೆ "ಅಮ್ಮ, ನೀವೇ ಮಾರ್ಕೊಳಿ, ನಾನು ಕರ್ಕೊಂಡ್ಬಂದ ಪಾರ್ಟಿಗೆ ವ್ಯಾಪಾರ ಕುದುರಿದ್ರೆ ಮಾತ್ರ ಕಮಿಷನ್ ಕೊಡಿ" ಅನ್ನಿ. ಪಾರ್ಟಿ ರೆಡಿ ಇದೆ ಅಂತ ಸುಳ್ಳು ಮಾತ್ರ ಹೇಳ್ಬೇಡಿ, ದಯವಿಟ್ಟು, ಆ ಮಾತು ಕೇಳಿ ಕೇಳಿ ಬೇಜಾರಾಗೇ ಎಷ್ಟೋ ಜನ ಆ ಬೋರ್ಡ್ ಬರೆಸಿರೋದು.