ಮಳೆಗಾಲದಲ್ಲಿ ಮಲಬದ್ಧತೆ ಜಾಸ್ತಿಯಾಗುವುದು ಯಾಕೆ?

ಚಿಕ್ಕಮಗಳೂರಿನ ಚಳಿಮಳೆಯಲ್ಲಿ ಹೊಟ್ಟೆ ಕಟ್ಟುವುದು ಯಾಕೆ ಎಂದು ಕೇಳಿದ್ದೀರಿ. ಬಾಯಾರಿಕೆ ಆಗುವುದಿಲ್ಲ, ನೀರು ಕುಡಿಯುವುದೇ ಮರೆತುಹೋಗುತ್ತದೆ, ಅಲ್ವಾ? ಮಲ ದೊಡ್ಡ ಕರುಳಿನಲ್ಲಿ ನಿಂತಷ್ಟೂ ಅದರ ನೀರನ್ನು ಕರುಳು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ದಿನಾ ಮಲವಿಸರ್ಜನೆ ಆಗಲೇಬೇಕೆಂದೇನಿಲ್ಲ. ವಾರಕ್ಕೆ 3 ಸಲಕ್ಕಿಂತ ಕಡಿಮೆಯಾದರೆ, ತುಂಬಾ ತಿಣುಕಬೇಕಾಗಿ ಬಂದರೆ ಯೋಚಿಸಿ.

ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಬಿಳಿ ಅನ್ನ. ಎರಡರಲ್ಲೂ ನಾರು ಕಡಿಮೆ. ಒಂದು ಹೊತ್ತು ರಾಗಿಮುದ್ದೆ, ಸೊಪ್ಪಿನ ಸಾರು ಇರಲಿ. ತಿಂಡಿ ತಿಂದ ಸ್ವಲ್ಪ ಹೊತ್ತಿಗೆ ಕರುಳು ತಾನೇ ಚುರುಕಾಗುತ್ತದೆ. ತೋಟಕ್ಕೆ ಹೊತ್ತಾಯಿತು ಅಂತ ಆ ಕರೆಯನ್ನು ತಡೆಯಬೇಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಇಸಬ್‌ಗೋಲ್ ಎಂಬ ನಾರಿನ ಹೊಟ್ಟು ತೆಗೆದುಕೊಂಡರೆ ಜೊತೆಗೆ ಲೋಟ ತುಂಬಾ ನೀರು ಬೇಕೇ ಬೇಕು. ಕಬ್ಬಿಣಾಂಶದ ಮಾತ್ರೆಯೂ ಕಾರಣವಿರಬಹುದು. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಸುಮ್ನೆ ಕೂರಬೇಡಿ, ವೈದ್ಯರಿಗೆ ತೋರಿಸಿ.