ಕೊಂಬಿನ ಗೊಬ್ಬರ ಮತ್ತು ತಂಪು ಹವೆಯ ದ್ರಾಕ್ಷಿ

ಪ್ರಶ್ನೆ: ಸಾವಯವ ಕೃಷಿಯ ಒಂದು ಬಗೆಯಾದ ಬಯೋಡೈನಮಿಕ್ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳುತ್ತಾರೆಂದು ಓದಿದೆ. ತಂಪು ಹವೆಯ ಪ್ರದೇಶದಲ್ಲಿ ಒಂದು ಕುಟುಂಬವು ಈ ಪದ್ಧತಿಯನ್ನೇ ನಂಬಿ ವೈನ್ ದ್ರಾಕ್ಷಿ ಬೆಳೆಯಬಹುದೇ?

ಉತ್ತರ: ಬೆಳೆಯಬಹುದು. ಫ್ರಾನ್ಸಿನ ಅಲ್ಸಾಸ್ ಮತ್ತು ಲುವಾರ್ ಪ್ರದೇಶಗಳಲ್ಲಿ ಹಲವು ಕುಟುಂಬಗಳು ದಶಕಗಳಿಂದ ಬೆಳೆಯುತ್ತಿವೆ. ಆದರೆ ಅವರ ತೋಟವನ್ನು ಉಳಿಸಿರುವುದು ಕೊಂಬು ಎಂದು ನಾನು ಒಪ್ಪಲಾರೆ.

ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಹುಟ್ಟಿದ ಈ ಪದ್ಧತಿಯಲ್ಲಿ, ಚಳಿಗಾಲವಿಡೀ ಕೊಂಬಿನೊಳಗೆ ಮಾಗಿದ ಸಗಣಿಯನ್ನು ವಸಂತದಲ್ಲಿ ಹೊರತೆಗೆದು, ಒಂದು ಗಂಟೆ ನೀರಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ಕಲಕಿ, ಹೆಕ್ಟೇರಿಗೆ ಸುಮಾರು 100 ಗ್ರಾಂನಂತೆ ಮಣ್ಣಿಗೆ ಸಿಂಪಡಿಸುತ್ತಾರೆ. ಜರ್ಮನಿಯ ಗೈಸನ್‌ಹೈಮ್‌ನಲ್ಲಿ 2006ರಿಂದ ನಡೆದಿರುವ ಪ್ರಯೋಗದಲ್ಲಿ ಸಾವಯವ ಮತ್ತು ಬಯೋಡೈನಮಿಕ್ ಸಾಲುಗಳೆರಡರಲ್ಲೂ ಬಳ್ಳಿಯ ಬೆಳವಣಿಗೆ ಮತ್ತು ಇಳುವರಿ ರಾಸಾಯನಿಕ ಬಳಸಿದ ಸಾಲುಗಳಿಗಿಂತ ಕಡಿಮೆಯಿದ್ದವು. ಬಯೋಡೈನಮಿಕ್ ಸಾಲುಗಳಿಗೆ ಕೊಂಬಿನ ಗೊಬ್ಬರದಂತಹ ಮಿಶ್ರಣಗಳನ್ನು ಹಾಕಿದ್ದರೂ, ಅವಕ್ಕೂ ಸಾಮಾನ್ಯ ಸಾವಯವ ಸಾಲುಗಳಿಗೂ ಇದ್ದ ಅಂತರ ಮಾತ್ರ ಅತ್ಯಲ್ಪ. ಆದ್ದರಿಂದ ಲಾಭವಿದ್ದರೆ ಅದು ಕಾಂಪೋಸ್ಟಿನಿಂದ, ಸಾಲುಗಳ ನಡುವೆ ಬೆಳೆಸುವ ಹುಲ್ಲು-ಗಿಡಗಳ ಹಸಿರು ಹೊದಿಕೆಯಿಂದ, ಕಳೆನಾಶಕ ಬಿಟ್ಟಿದ್ದರಿಂದ ಬಂದದ್ದೆಂಬುದು ನನ್ನ ತೀರ್ಮಾನ.

ತಂಪು ನಾಡಿನ ನಿಜವಾದ ಕಷ್ಟ ಬೇರೆಯೇ ಇದೆ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಬೂಜು ತುಪ್ಪಟ ರೋಗ (ಡೌನಿ ಮಿಲ್ಡ್ಯೂ) ಕೆಲವೇ ದಿನಗಳಲ್ಲಿ ಗೊಂಚಲನ್ನು ಹಾಳುಗೆಡವುತ್ತದೆ. ಈ ಪದ್ಧತಿಯಲ್ಲಿ ಅದಕ್ಕೆ ಇರುವ ಮುಖ್ಯ ಔಷಧ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಂತಹ ತಾಮ್ರವೇ. ಅದು ಎಲೆಯೊಳಗೆ ಇಳಿಯದೆ ಮೇಲೆಯೇ ನಿಲ್ಲುವುದರಿಂದ ಮಳೆಗೆ ತೊಳೆದುಹೋಗುತ್ತದೆ, ಮಣ್ಣಿನಲ್ಲಿ ಶೇಖರವಾಗಿ ಎರೆಹುಳುಗಳಿಗೂ ಕೆಡುಕು ಮಾಡುತ್ತದೆ. ಯುರೋಪಿಯನ್ ಒಕ್ಕೂಟ ಇದಕ್ಕೆ ಏಳು ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಹಾಕಿದೆ. ಇಷ್ಟರೊಳಗೆ ಬೆಳೆ ಕಾಯಬೇಕಾದರೆ ಮಳೆಗೆ ಮುನ್ನವೇ, ಬೇಕಾದಷ್ಟೇ ಸಿಂಪಡಿಸಬೇಕು. ಗೊಂಚಲಿನ ಸುತ್ತಲಿನ ಎಲೆ ಕಿತ್ತು ಗಾಳಿಯಾಡಿಸಬೇಕು. ಇಲ್ಲಿಯೇ ಕುಟುಂಬದ ಬಲ ಕಾಣುವುದು: ರೋಗದ ಗುರುತಾದ ಮೊದಲ ಎಣ್ಣೆಚುಕ್ಕೆಯನ್ನು ಎಲೆಯ ಮೇಲೆ ಕಂಡವರೇ ಅಂದು ಸಂಜೆಯೇ ನಿರ್ಧಾರ ಮಾಡುತ್ತಾರೆ, ಅಪ್ಪಣೆಗಾಗಿ ಕಾಯುವುದಿಲ್ಲ.

ಇನ್ನೊಂದು ಮಾತು, ಏಕೆಂದರೆ ಅನೇಕರು ಇದನ್ನು ಮರೆಯುತ್ತಾರೆ. ಚಿಗುರು ಒಡೆದ ಮೇಲೆ ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವ ಭಯವಿರುವಾಗ, ನೀವು ಪ್ರೀತಿಯಿಂದ ಬೆಳೆಸಿದ ಎತ್ತರದ ಹಸಿರು ಹೊದಿಕೆಯೇ ಶತ್ರುವಾಗುತ್ತದೆ: ಅದು ಹಗಲಿನ ಬಿಸಿಲು ನೆಲಕ್ಕೆ ತಲುಪದಂತೆ ತಡೆಯುತ್ತದೆ. ಆ ವಾರಗಳಲ್ಲಿ ಅದನ್ನು ಗಿಡ್ಡಗೆ ಕತ್ತರಿಸಿಡಿ. ಹೊಸದಾಗಿ ನೆಡುವುದಾದರೆ, ತಣ್ಣನೆಯ ಗಾಳಿ ಹರಿದುಹೋಗುವ ಇಳಿಜಾರನ್ನು, ಸೊಲಾರಿಸ್‌ನಂತಹ ರೋಗ ತಡೆಯುವ ತಳಿಯನ್ನು ಆರಿಸಿಕೊಳ್ಳಿ. ಯುರೋಪಿನ ನಿಯಮದಂತೆ ಹಳೆಯ ತೋಟವೊಂದು ಸಾವಯವಕ್ಕೆ ತಿರುಗಲು ಮೂರು ವರ್ಷ ಬೇಕು. ಆ ಅವಧಿಯಲ್ಲಿ ಇಳುವರಿ ಇಳಿಯುವ ಸಂಭವವಿದ್ದು, ಸಾವಯವ ಪ್ರಮಾಣಪತ್ರದಿಂದ ದೊರೆಯುವ ಹೆಚ್ಚಿನ ಬೆಲೆ ಇನ್ನೂ ಸಿಗದಿರುವುದರಿಂದ, ಮನೆ ನಡೆಸಲು ಬೇರೆ ಆದಾಯವನ್ನು ಮೊದಲೇ ಹೊಂದಿಸಿಕೊಳ್ಳಿ.