ಡೀಫಾಲ್ಟ್ ಬದಲಾದರೆ ಸಾಕೆಟ್ ಲೈಬ್ರರಿಯ ಆವೃತ್ತಿ ಸಂಖ್ಯೆಯ ಮೊದಲ ಅಂಕೆಯನ್ನು ಏರಿಸಬೇಕೆ?

ನಿಮ್ಮ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ) ಲೈಬ್ರರಿಯಲ್ಲಿ ಫಂಕ್ಷನ್‌ಗಳ ಹೆಸರಾಗಲಿ ಆರ್ಗ್ಯುಮೆಂಟ್‌ಗಳಾಗಲಿ ಬದಲಾಗುತ್ತಿಲ್ಲ, ಇದುವರೆಗೆ ಮಿತಿಯೇ ಇಲ್ಲದಿದ್ದ ರೀಡ್ ಟೈಮ್‌ಔಟ್‌ಗೆ (ಡೇಟಾ ಬರಲೆಂದು ಕಾಯುವ ಗರಿಷ್ಠ ಸಮಯಕ್ಕೆ) 30 ಸೆಕೆಂಡುಗಳ ಡೀಫಾಲ್ಟ್ ಬರುತ್ತಿದೆ ಅಷ್ಟೆ, ಇದನ್ನು 2.3.1 ಎಂದು ಬಿಡುಗಡೆ ಮಾಡಬಹುದೇ, 3.0.0 ಎನ್ನಬೇಕೇ ಎಂದು ಕೇಳಿದ್ದೀರಿ. 3.0.0 ಎನ್ನಬೇಕು.

ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮದ ಪ್ರಕಾರ ಹೊಂದಾಣಿಕೆ ಮುರಿದರೆ ಮೊದಲ ಅಂಕೆ, ಹಳೆಯದು ಕೆಡದಂತೆ ಹೊಸ ಸೌಲಭ್ಯ ಸೇರಿದರೆ ಎರಡನೆಯದು, ದೋಷ ಸರಿಪಡಿಸಿದರೆ ಮೂರನೆಯದು ಏರುತ್ತದೆ. ಕಂಪೈಲ್ ಆದರೆ ಹೊಂದಾಣಿಕೆ ಉಳಿದಿದೆ ಎಂದು ಭಾವಿಸುವುದು ಸುಲಭ. ಆದರೆ ನೆಟ್‌ವರ್ಕ್ ಲೈಬ್ರರಿಯನ್ನು ಬಳಸುವವರು ನೆಚ್ಚಿಕೊಂಡಿರುವುದು ಒಂದು ಕರೆ ಎಷ್ಟು ಹೊತ್ತು ಕಾಯುತ್ತದೆ, ಸಂಪರ್ಕ ಕಡಿದಾಗ ಯಾವ ಎರರ್ ಬರುತ್ತದೆ, ಕಾಲ್‌ಬ್ಯಾಕ್‌ಗಳು (ಲೈಬ್ರರಿ ತಾನಾಗಿ ಕರೆಯುವ ಬಳಕೆದಾರರ ಫಂಕ್ಷನ್‌ಗಳು) ಯಾವ ಕ್ರಮದಲ್ಲಿ ನಡೆಯುತ್ತವೆ ಎಂಬುದನ್ನು. ಗಂಟೆಗಟ್ಟಲೆ ಮೌನವಾಗಿರುವ ಸಂಪರ್ಕದ ಮೇಲೆ ಕಾಯುತ್ತಿರುವ ಪ್ರೋಗ್ರಾಂ ನಿಮ್ಮ 2.3.1 ಬಂದ ದಿನವೇ ಮುರಿಯುತ್ತದೆ.

ನಾನು ನಿರ್ವಹಿಸುವ ಲೈಬ್ರರಿಯಲ್ಲಿ ಒಮ್ಮೆ ಹೀಗೆಯೇ ಆಯಿತು. ಸಣ್ಣ ತುಣುಕುಗಳನ್ನು ಕೂಡಿಸಿ ಕಳಿಸುವ ನೇಗಲ್ ಅಲ್ಗಾರಿದಮ್ ಮತ್ತು ಎದುರು ಬದಿಯ ತಡವಾದ ಆ್ಯಕ್ (ತಲುಪಿತು ಎಂಬ ಸೂಚನೆ) ಸೇರಿ, ಲಿನಕ್ಸ್‌ನಲ್ಲಿ ಸಣ್ಣ ಸಂದೇಶಗಳು ಸುಮಾರು 40 ಮಿಲಿಸೆಕೆಂಡು ನಿಲ್ಲುವುದನ್ನು ಕಂಡು, ನೇಗಲ್ ಅನ್ನು ನಿಲ್ಲಿಸುವ ಟಿಸಿಪಿ ನೋಡಿಲೇ ಆಯ್ಕೆಯನ್ನು ಎಲ್ಲರಿಗೂ ಚಾಲೂ ಮಾಡಿ, ಎರಡನೆಯ ಅಂಕೆಯನ್ನಷ್ಟೇ ಏರಿಸಿ ಬಿಡುಗಡೆ ಮಾಡಿದೆ. ಒಬ್ಬ ಬಳಕೆದಾರರ ಪ್ರೋಗ್ರಾಂ 8 ಬೈಟ್ ಹೆಡರ್, ಆಮೇಲೆ ಸಂದೇಶ, ಕೊನೆಗೆ 4 ಬೈಟ್ ಚೆಕ್‌ಸಮ್ (ಸಂದೇಶ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಎಂದು ಮೂರು ಸಲ ಬರೆಯುತ್ತಿತ್ತು. ಮೊದಲು ಸಂದೇಶವೂ ಚೆಕ್‌ಸಮ್ಮೂ ಒಟ್ಟಿಗೆ ಹೋಗುತ್ತಿದ್ದವು. ಈಗ ಬೇರೆಬೇರೆಯಾಗಿ ಹೋಗತೊಡಗಿ, ಒಂದೇ ರಿಸೀವ್‌ನಲ್ಲಿ ಎರಡೂ ಸಿಗುತ್ತವೆ ಎಂದು ನಂಬಿದ್ದ ಎದುರಿನ ಯಂತ್ರ ಪ್ರತಿ ಸಂದೇಶವನ್ನೂ ತಿರಸ್ಕರಿಸಿತು. ಟಿಸಿಪಿ ಬೈಟ್‌ಗಳ ಹರಿವೇ ಹೊರತು ಸಂದೇಶಗಳ ಸಾಲಲ್ಲ, ಆದ್ದರಿಂದ ದೋಷ ಅವರದೇ ಎಂದು ವಾದಿಸಬಹುದಿತ್ತು. ಆದರೆ ಸಣ್ಣ ಅಪ್‌ಡೇಟ್ ಎಂದು ನಂಬಿಸಿದವನು ನಾನು; ಬದಲಾವಣೆಯನ್ನು ಹಿಂದಕ್ಕೆ ಪಡೆದೆ.

ಆದ್ದರಿಂದ 2.4.0ರಲ್ಲಿ ಟೈಮ್‌ಔಟ್ ಅನ್ನು ಬೇಕಾದವರು ಹೊಂದಿಸಿಕೊಳ್ಳುವ ಆಯ್ಕೆಯಾಗಿ ಕೊಡಿ, ಡೀಫಾಲ್ಟ್ ಮುಂದೆ ಬದಲಾಗಲಿದೆ ಎಂದು ಚೇಂಜ್‌ಲಾಗ್‌ನ ಮೊದಲ ಸಾಲಿನಲ್ಲೇ ಬರೆಯಿರಿ, 3.0.0ರಲ್ಲಿ ಬದಲಾಯಿಸಿ. 2.x ಶಾಖೆಗೆ ಭದ್ರತಾ ತಿದ್ದುಪಡಿಗಳು ಎಲ್ಲಿಯವರೆಗೆ ಸಿಗುತ್ತವೆ ಎಂಬ ದಿನಾಂಕವನ್ನೂ ತಿಳಿಸಿ.

ನೀವು ಸಿ ಭಾಷೆಯಲ್ಲಿ ಬರೆಯುತ್ತಿದ್ದರೆ, ಆ ಆಯ್ಕೆಯನ್ನು ಬಳಕೆದಾರರಿಗೆ ಕಾಣುವ ಸ್ಟ್ರಕ್ಟ್‌ನೊಳಗೆ ಹೊಸ ಫೀಲ್ಡ್ ಆಗಿ ಸೇರಿಸಬೇಡಿ. ಸ್ಟ್ರಕ್ಟ್‌ನ ಅಳತೆ ಬದಲಾದರೆ ಹಳೆಯ ಹೆಡರ್‌ನಿಂದ ಕಂಪೈಲ್ ಆದ ಪ್ರೋಗ್ರಾಂಗಳು ತಪ್ಪು ಮೆಮೊರಿಯನ್ನು ಓದುತ್ತವೆ. ಒಳರಚನೆ ಕಾಣದ ಹ್ಯಾಂಡಲ್ ಕೊಟ್ಟು, ಫಂಕ್ಷನ್ ಮೂಲಕವೇ ಆಯ್ಕೆಗಳನ್ನು ಹೊಂದಿಸುವಂತೆ ಮಾಡುವುದು ಕ್ಷೇಮ. ಡೇಟಾ ವರ್ಗಾವಣೆಯ ಲೈಬ್ರರಿಯಾದ ಲಿಬ್‌ಕರ್ಲ್ ಈ ದಾರಿಯಲ್ಲೇ ನಡೆದು, 2006ರಿಂದ ತನ್ನ ಸೋನೇಮ್ (ಕಂಪೈಲ್ ಆದ ಲೈಬ್ರರಿಯ ಹೊಂದಾಣಿಕೆಯನ್ನು ಗುರುತಿಸುವ ಹೆಸರು) ಸಂಖ್ಯೆ 4 ಅನ್ನು ಬದಲಿಸದೆಯೇ ನೂರಾರು ಆಯ್ಕೆಗಳನ್ನು ಹೊಂದಿದೆ.

ಪರೀಕ್ಷೆಗಳ ಬಗ್ಗೆ ಒಂದು ಮಾತು. ಆ ಘಟನೆಯ ನಂತರ ನಾನು ಒಂದು ನಕಲಿ ಸರ್ವರ್ ಬರೆದೆ: ಅದು ಒಮ್ಮೆ ಒಂದೊಂದೇ ಬೈಟ್ ಕಳಿಸುತ್ತದೆ, ಒಮ್ಮೆ ಎಲ್ಲವನ್ನೂ ಒಟ್ಟಿಗೆ, ಇನ್ನೊಮ್ಮೆ ಅರ್ಧಕ್ಕೇ ಸಂಪರ್ಕ ಕಡಿಯುತ್ತದೆ. ಪ್ರತಿ ಬಿಡುಗಡೆಗೆ ಮೊದಲು, ಹಿಂದಿನ ಆವೃತ್ತಿಗೆ ಬರೆದ ಪರೀಕ್ಷೆಗಳನ್ನು ತಿದ್ದದೆ ಹೊಸ ಕೋಡ್ ಮೇಲೆ ಓಡಿಸುತ್ತೇನೆ. ಒಂದನ್ನಾದರೂ ತಿದ್ದಲೇಬೇಕಾಗಿ ಬಂದರೆ ಮೊದಲ ಅಂಕೆ ಏರುತ್ತದೆ.